ಬೂಸ ಉಳಿಯಿತು, ಬುಟ್ಟಿ ಮರೆಯಿತು

ಬಿ. ಬಸವಲಿಂಗಪ್ಪ ಅಂದರೆ ಯಾರು ಅಂತ ನಿಮ್ಮೂರ ಹಾಸ್ಟೆಲ್ಲಿನ ಹುಡುಗರನ್ನು ಒಮ್ಮೆ ಕೇಳಿ ನೋಡಿ. ಹತ್ತರಲ್ಲಿ ಇಬ್ಬರಿಗೆ ಗೊತ್ತಿದ್ದರೆ ಹೆಚ್ಚು. ಗೊತ್ತಿರುವವನು ಹೇಳುವುದೂ ಒಂದೇ ಮಾತು, ಬೂಸ. ಕನ್ನಡ ಸಾಹಿತ್ಯದಲ್ಲಿ ಬೂಸ ಇದೆ ಅಂದರು, ಗಲಾಟೆ ಆಯಿತು, ಮಂತ್ರಿಗಿರಿ ಹೋಯಿತು, ಅದರಿಂದ ದಲಿತ ಚಳವಳಿ ಹುಟ್ಟಿತು. ಇಷ್ಟು ಒಪ್ಪಿಸಿ, ಎರಡು ಮಾರ್ಕಿನ ಪ್ರಶ್ನೆಗೆ ಉತ್ತರ ಬರೆದವನ ಹಾಗೆ ಹುಡುಗ ಸುಮ್ಮನಾಗುತ್ತಾನೆ. ಹುಡುಗನದೇನೂ ತಪ್ಪಿಲ್ಲ. ಅವನಿಗೆ ಹೇಳಿಕೊಟ್ಟವರು ನಾವು. ಏಪ್ರಿಲ್ 14 ಬಂತು ಅಂದರೆ ಮೈಕಿನ ಮುಂದೆ ನಿಂತು ನಾವು ಹೇಳುತ್ತ ಬಂದದ್ದೂ ಇಷ್ಟನ್ನೇ.

ಒಬ್ಬ ಮನುಷ್ಯ ವಿಧಾನಸಭೆಯಲ್ಲಿ ವರ್ಷಗಟ್ಟಲೆ ಕೂತ. ಪೌರಾಡಳಿತ ನೋಡಿದ, ಕಂದಾಯ ನೋಡಿದ. ಸರ್ಕಾರಿ ಕಡತದ ಮೇಲೆ ಸಹಿ ಹಾಕುವ ಅಧಿಕಾರ ನಮ್ಮವನೊಬ್ಬನ ಕೈಗೆ ಬಂದಾಗ ಮೊದಲು ಏನನ್ನು ಮುಟ್ಟಿದ, ಯಾಕೆ ಅದನ್ನೇ ಮುಟ್ಟಿದ, ಮುಟ್ಟಿದ್ದು ಎಷ್ಟು ದೂರ ಹೋಯಿತು, ಎಲ್ಲಿ ನಿಂತಿತು? ಇದನ್ನು ಕೇಳುವುದು ಬಿಟ್ಟು ಅವರನ್ನು ಒಂದು ಶಬ್ದದ ಒಳಗೆ ಹೂತಿಟ್ಟಿದ್ದೇವೆ. 1973ರಲ್ಲಿ ಅವರ ಪ್ರತಿಕೃತಿ ಸುಟ್ಟವರಿಗೂ ಬೇಕಾಗಿದ್ದದ್ದು ಅದೇ. ಆ ಮನುಷ್ಯ ಮಾಡಿದ ಕೆಲಸ ಜನಕ್ಕೆ ಕಾಣಬಾರದು, ಆಡಿದ ಮಾತು ಮಾತ್ರ ಕಾಣಬೇಕು. ನಾವು ಅಭಿಮಾನದಿಂದ ಮಾಡಿದೆವು, ಅವರು ಸಿಟ್ಟಿನಿಂದ ಮಾಡಿದರು. ಫಲ ಮಾತ್ರ ಒಂದೇ.

ಹಾಗಂತ ಬೂಸದ ಮಾತನ್ನು ಪಕ್ಕಕ್ಕಿಡುವ ಹಾಗೂ ಇಲ್ಲ. ಅದನ್ನು ಮುಗಿಸಿಯೇ ಮುಂದೆ ಹೋಗಬೇಕು.

1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆ. ದೇವರಾಜ ಅರಸು ಅವರ ಸಂಪುಟದಲ್ಲಿ ಬಸವಲಿಂಗಪ್ಪ ಆಗ ಪೌರಾಡಳಿತ ಮಂತ್ರಿ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸ, ಹೊಸ ವಿಚಾರ ಬೇಕಾದರೆ ಇಂಗ್ಲಿಷ್ ಕಲಿಯಿರಿ ಅನ್ನುವ ಅರ್ಥದ ಮಾತಾಡಿದರು. ಮಾರನೆಯ ದಿನದಿಂದ ಪತ್ರಿಕೆಗಳಲ್ಲಿ ಅದೇ ಸುದ್ದಿ. ಸವರ್ಣ ಹುಡುಗರು ಬೀದಿಗೆ ಬಿದ್ದರು. ಊರೂರಲ್ಲಿ ಕಲ್ಲು ತೂರಾಟ. ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು, ಹಾಸ್ಟೆಲ್ಲುಗಳಿಗೆ ನುಗ್ಗಿದರು. ಆ ಮಾತಿನಲ್ಲಿ ತಪ್ಪಿಲ್ಲ ಅಂತ ಕುವೆಂಪು ಅಂಥವರು ನಿಂತರೂ ಗಲಾಟೆ ಮಾಡುವವರಿಗೆ ಕುವೆಂಪು ಕೂಡ ಬೇಕಾಗಿರಲಿಲ್ಲ. ಡಿಸೆಂಬರಿನ ಹೊತ್ತಿಗೆ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು.

ಬೂಸ ಅನ್ನುವುದು ಬೈಗುಳವೇ? ಹಸು ಕಟ್ಟಿದ ಮನೆಯಲ್ಲಿ ಬೆಳೆದವರನ್ನು ಕೇಳಿ. ಕಾಳು ಮನುಷ್ಯನಿಗೆ, ಹೊಟ್ಟು ತೌಡು ದನಕ್ಕೆ. ಬೂಸ ತಿಂದ ಎಮ್ಮೆ ಹಾಲು ಕೊಡುತ್ತದೆ, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಮನುಷ್ಯನ ಹಸಿವಿಗೆ ಅದು ಆಗುವುದಿಲ್ಲ. ಗೌಡರ ಕೊಟ್ಟಿಗೆಯಲ್ಲಿ ಜೀತಕ್ಕಿದ್ದ ನಮ್ಮ ಅಪ್ಪಂದಿರು ದಿನಾ ಬೆಳಗ್ಗೆ ಕಲಗಚ್ಚಿನ ಬಾನಿಗೆ ಬೂಸ ಕಲಸಿ ಇಟ್ಟವರು. ಕಾಳು ಯಾರ ಕಣಜಕ್ಕೆ ಹೋಯಿತು, ಯಾರ ಮುಂದೆ ಏನು ಉಳಿಯಿತು ಅನ್ನುವ ಲೆಕ್ಕ ಅವರಿಗೆ ಬಾಯಿಪಾಠ. ಇಷ್ಟೊಂದು ಗ್ರಂಥಗಳನ್ನು ಪೇರಿಸಿದ್ದೀರಲ್ಲ, ಇದರಲ್ಲಿ ನಮ್ಮ ಹೊಟ್ಟೆಗೆ ಬೀಳುವ ಕಾಳು ಎಲ್ಲಿದೆ ತೋರಿಸಿ ಅಂತ ಆ ಮಾತು ಕೇಳುತ್ತಿತ್ತು. ತೋರಿಸುವುದು ಬಿಟ್ಟು ಕಲ್ಲು ಎತ್ತಿಕೊಂಡರು. ಕಲ್ಲು ಎತ್ತಿದ್ದೇ ಅವರ ಉತ್ತರವಾಯಿತು.

ಇಂಗ್ಲಿಷ್ ಕಲಿಯಿರಿ ಅಂದದ್ದರ ಬಗ್ಗೆ ನಮ್ಮಲ್ಲೇ ಆವತ್ತೂ ಒಮ್ಮತವಿರಲಿಲ್ಲ, ಇವತ್ತೂ ಇಲ್ಲ. ಹಳ್ಳಿಶಾಲೆಯ ಮೇಷ್ಟ್ರಾಗಿ ಕೆಲಸ ಮಾಡುವ ನಮ್ಮ ಪೈಕಿಯವರು, ಕನ್ನಡವನ್ನೇ ಸರಿಯಾಗಿ ಕಲಿಸದ ಶಾಲೆ ಇಂಗ್ಲಿಷ್ ಎಲ್ಲಿಂದ ಕಲಿಸುತ್ತದೆ ಅನ್ನುತ್ತಾರೆ. ಅವರ ಮಾತಿನಲ್ಲೂ ಸತ್ಯವಿದೆ. ಆದರೆ ಬಸವಲಿಂಗಪ್ಪನವರ ಮಾತಿಗೆ ನಿಜವಾದ ಜವಾಬು ಕೊಟ್ಟವರು ಕನ್ನಡದಲ್ಲೇ ಬರೆದ ದಲಿತ ಹುಡುಗರು. ಅದೇ 1973ರಲ್ಲಿ ದೇವನೂರ ಮಹಾದೇವರ 'ದ್ಯಾವನೂರು' ಬಂತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಬೂಸದ ರಾಶಿಯ ಪಕ್ಕದಲ್ಲಿ ಕಾಳು ಸುರಿದರು. ಪ್ರತಿಕೃತಿ ಸುಟ್ಟವರಿಗಿಂತ ಹೆಚ್ಚು ಕನ್ನಡದ ಸೇವೆ ಮಾಡಿದ್ದು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡದ್ದು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಎದ್ದದ್ದು, ಇವುಗಳ ಬೇರು ಆ ನವೆಂಬರಿನ ಬೀದಿಗಳಲ್ಲಿದೆ ಅನ್ನುವುದೂ ಸುಳ್ಳಲ್ಲ.

ಬೂಸದ ಮಾತು ಇಲ್ಲಿಗೆ ಸಾಕು. ಈಗ ಬುಟ್ಟಿಗೆ ಬರೋಣ.

ಸಣ್ಣ ವಯಸ್ಸಿನ ಗೆಳೆಯರು ಒಣ ಪಾಯಖಾನೆ ನೋಡಿಲ್ಲ. ಹಳೇ ಪೇಟೆ ಬೀದಿಗಳಲ್ಲಿ ಮನೆಗಳ ಬೆನ್ನಿಗೆ ಒಂದು ಕಿರಿದಾದ ಓಣಿ ಇರುತ್ತಿತ್ತು. ಮನೆಯವರು ಆ ಓಣಿಯಲ್ಲಿ ಓಡಾಡುವುದಿಲ್ಲ. ಅದು ಜಾಡಮಾಲಿಗಳ ದಾರಿ. ಪ್ರತಿ ಮನೆಯ ಹಿಂಗೋಡೆಯಲ್ಲಿ ನೆಲಮಟ್ಟಕ್ಕೆ ಒಂದು ಕಿಂಡಿ, ಕಿಂಡಿಯೊಳಗೆ ಡಬ್ಬ. ಬೆಳಕು ಹರಿಯುವ ಮೊದಲು ಬಂದು ಕಿಂಡಿಯ ಬಾಗಿಲೆತ್ತಿ, ತಗಡಿನಿಂದ ಕೆರೆದು, ಬೂದಿ ಚೆಲ್ಲಿ, ಬುಟ್ಟಿಗೆ ತುಂಬಿಕೊಂಡು ತಲೆಯ ಮೇಲೆ ಹೊತ್ತು ಊರಾಚೆಯ ಗುಂಡಿಗೆ ಸುರಿಯಬೇಕು. ಮಳೆಗಾಲದಲ್ಲಿ ಬುಟ್ಟಿ ಸೋರುತ್ತದೆ. ಕೂದಲು, ಹಣೆ, ಕಣ್ಣು, ಬಾಯಿ. ಇದಕ್ಕಿಂತ ಹೆಚ್ಚು ಬರೆಯಲು ಮನಸ್ಸು ಬರುವುದಿಲ್ಲ. ಊರಿನ ಪುರಸಭೆ ಈ ಕೆಲಸಕ್ಕೆ ಸಂಬಳ ಕೊಡುತ್ತಿತ್ತು, ಮೇಸ್ತ್ರಿ ಇಡುತ್ತಿತ್ತು, ಹಾಜರಿ ಪುಸ್ತಕ ಇಡುತ್ತಿತ್ತು. ಜಾತಿ ಅನ್ನುವುದು ಮನುಸ್ಮೃತಿಯಲ್ಲಿ ಮಾತ್ರ ಇರಲಿಲ್ಲ ಸ್ವಾಮಿ, ಪುರಸಭೆಯ ಬಜೆಟ್ಟಿನಲ್ಲೂ ಒಂದು ಬಾಬತ್ತಾಗಿ ಇತ್ತು.

ಪೌರಾಡಳಿತ ಖಾತೆ ಸಿಕ್ಕಿದರೆ ಮಂತ್ರಿಗಳು ಸಾಮಾನ್ಯವಾಗಿ ಏನು ಮಾಡುತ್ತಾರೆ? ನಲ್ಲಿ ಉದ್ಘಾಟನೆ, ಮಾರ್ಕೆಟ್ ಕಟ್ಟಡಕ್ಕೆ ಅಡಿಗಲ್ಲು, ಟೌನ್‌ಹಾಲಿಗೆ ಸುಣ್ಣಬಣ್ಣ. ಬಸವಲಿಂಗಪ್ಪ ಬುಟ್ಟಿಗೆ ಕೈ ಹಾಕಿದರು. ಮಲವನ್ನು ತಲೆಯ ಮೇಲೆ ಹೊರಿಸಕೂಡದು ಅಂತ ನಿಷೇಧ ತಂದರು. ಇದರ ಬಗ್ಗೆ ಕಾಯ್ದೆಯೊಂದನ್ನು ಸಂಸತ್ತು ಮಾಡಿದ್ದು 1993ರಲ್ಲಿ, ಅಂದರೆ ಹತ್ತಿರ ಹತ್ತಿರ ಇಪ್ಪತ್ತು ವರ್ಷದ ನಂತರ. ಅದೂ ಸಾಲದಾಗಿ 2013ರಲ್ಲಿ ಇನ್ನೊಂದು ಕಾಯ್ದೆ ಮಾಡಬೇಕಾಯಿತು. ದಿಲ್ಲಿಯ ದೊಡ್ಡವರಿಗೆ ಇಪ್ಪತ್ತು ವರ್ಷ ಕಾಣದಿದ್ದದ್ದು ಇವರಿಗೆ ಮೊದಲೇ ಕಂಡಿತ್ತು. ಕಣ್ಣು ಚುರುಕಾಗಿತ್ತು ಅಂತಲ್ಲ. ಆ ಓಣಿ ಇವರಿಗೆ ಗೊತ್ತಿತ್ತು.

ಇದಿಷ್ಟು ಹೇಳಿ ಜೈಕಾರ ಹಾಕಿ ಮುಗಿಸಿಬಿಡಬಹುದು. ಆದರೆ ಒಂದು ಪುರಸಭೆ ಊರಿನ ಪೌರಕಾರ್ಮಿಕರ ಕಾಲೋನಿಯಲ್ಲಿ ನಾವು ಒಬ್ಬ ಅಜ್ಜಿಯ ಜೊತೆ ಮಾತಾಡಿದ್ದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ. ತೆಲುಗು ಬೆರೆತ ಕನ್ನಡ ಅಜ್ಜಿಯದು. ಮದುವೆಯಾಗಿ ಬಂದ ಮೂರನೇ ದಿನಕ್ಕೆ ಅತ್ತೆ ಬುಟ್ಟಿ ಕೈಗೆ ಕೊಟ್ಟಳಂತೆ. "ಬುಟ್ಟಿ ನಿಲ್ಲಿಸಿದ ಮಂತ್ರಿ ಯಾರು ಗೊತ್ತಾ ಅಜ್ಜಿ?" ಅಂತ ಕೇಳಿದೆವು. "ಮಂತ್ರಿ ಗಿಂತ್ರಿ ನನಗೇನು ಗೊತ್ತಪ್ಪ. ನನ್ನ ಎರಡನೇ ಮಗಳು ಹೊಟ್ಟೇಲಿದ್ದಾಗ ಮೇಸ್ತ್ರಿ ಬಂದು ಇನ್ನು ತಲೆ ಮೇಲೆ ಹೊರಂಗಿಲ್ಲ, ಗಾಡಿ ಕೊಡ್ತೀವಿ ಅಂದ. ಗಾಡಿ ಬಂತು. ತಲೆಯಿಂದ ಇಳೀತು, ಕೈಯಿಂದ ಇಳೀಲಿಲ್ಲ" ಅಂದಳು. ಆ ಎರಡನೇ ಮಗಳು ಈಗ ಗುತ್ತಿಗೆದಾರನ ಕೈಕೆಳಗೆ ಬೀದಿ ಗುಡಿಸುತ್ತಾಳೆ.

ಒಂದು ಜೀವಮಾನದ ನೀತಿಯನ್ನು ತೂಗಿ ನೋಡಲು ನಮಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗಲಿಲ್ಲ. ತಲೆಯಿಂದ ಇಳಿಯಿತು ಅನ್ನುವುದು ಸಣ್ಣ ಮಾತಲ್ಲ. ತಲೆ ಎತ್ತಿ ನಡೆಯುವುದಕ್ಕೂ ತಲೆಯ ಮೇಲೆ ಊರಿನ ಹೇಲು ಹೊರುವುದಕ್ಕೂ ಇರುವ ಅಂತರ ಏನು ಅಂತ ಹೊತ್ತವರಿಗೇ ಗೊತ್ತು. ಆದರೆ ಕೈಯಿಂದ ಇಳಿಯಲಿಲ್ಲ ಅನ್ನುವುದು ಮಿಕ್ಕರ್ಧ. ಒಂದು ಆಜ್ಞೆ ಬುಟ್ಟಿಯನ್ನು ಇಳಿಸಬಲ್ಲದು. ಕಿಂಡಿಯನ್ನು ಮುಚ್ಚಬೇಕಾದರೆ ನೀರಿನ ಪಾಯಖಾನೆ ಬೇಕು, ಒಳಚರಂಡಿ ಬೇಕು, ದುಡ್ಡು ಬೇಕು. ಎಲ್ಲಕ್ಕಿಂತ ಮೊದಲು, ಬುಟ್ಟಿ ಇಳಿಸಿದವನ ಕೈಗೆ ಬೇರೆ ಕೆಲಸ ಬೇಕು. ಅದನ್ನು ಕೊಡಬೇಕಾದದ್ದು ಒಬ್ಬ ಮಂತ್ರಿಯಲ್ಲ, ಇಡೀ ಸರ್ಕಾರ. ಆ ಸರ್ಕಾರ ಮಂತ್ರಿಯನ್ನೇ ವರ್ಷ ಮುಗಿಯುವುದರೊಳಗೆ ಮನೆಗೆ ಕಳಿಸಿತು. ಪೌರಕಾರ್ಮಿಕರ ಸ್ಥಿತಿಗತಿ ನೋಡಲು ಎಪ್ಪತ್ತರ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ಸಮಿತಿ ಕೂತು ವರದಿ ಕೊಟ್ಟಿತು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂತ ಅದು ಹೇಳಿತ್ತು. ಆ ವರದಿ ಜಾರಿಯಾಗಲಿ ಅಂತ ಪೌರಕಾರ್ಮಿಕರು ದಶಕಗಟ್ಟಲೆ ಬೀದಿಯಲ್ಲಿ ಕೂಗಿದರು. ಕೊನೆಗೆ ಸರ್ಕಾರ ಇಟ್ಟುಕೊಂಡ ಲೆಕ್ಕ 700ಕ್ಕೆ ಒಬ್ಬ.

2010ರ ಜುಲೈ. ಹಾವೇರಿ ಜಿಲ್ಲೆಯ ಸವಣೂರು. ತಲೆತಲಾಂತರದಿಂದ ಊರಿನ ಪಾಯಖಾನೆ ಬಳಿದ ಭಂಗಿ ಕುಟುಂಬಗಳನ್ನು ಇದ್ದ ಜಾಗದಿಂದ ಎಬ್ಬಿಸಲು ಹೊರಟಾಗ, ಅವರು ಪುರಸಭೆಯ ಮುಂದೆ ಬಂದು ಮೈಮೇಲೆ ಮಲ ಸುರಿದುಕೊಂಡರು. ನಾಡೆಲ್ಲ ಬೆಚ್ಚಿಬಿತ್ತು ಅಂತ ಪತ್ರಿಕೆಗಳು ಬರೆದವು. ಬೆಚ್ಚಿಬೀಳುವುದಕ್ಕೆ ಏನಿತ್ತು? ದಿನಾ ಕಾಣದ ಹಾಗೆ ಹೊರುತ್ತಿದ್ದದ್ದನ್ನು ಆವತ್ತು ಒಂದು ದಿನ ಕಾಣುವ ಹಾಗೆ ಹೊತ್ತರು, ಅಷ್ಟೆ. ಕೋಲಾರದ ಚಿನ್ನದ ಗಣಿಯ ಕಾಲೋನಿಗಳಿಂದಲೂ ಅದರ ಹಿಂದೆ ಮುಂದೆ ಇಂಥವೇ ಸುದ್ದಿ ಬಂದವು. ಬಸವಲಿಂಗಪ್ಪನವರ ನಿಷೇಧಕ್ಕೆ ಆಗ ಮೂವತ್ತೇಳು ವರ್ಷ ವಯಸ್ಸು. ಈಗ ಬುಟ್ಟಿಯ ಜಾಗಕ್ಕೆ ಮ್ಯಾನ್‌ಹೋಲ್ ಬಂದಿದೆ. 1993ರಿಂದೀಚೆಗೆ ಚರಂಡಿಯೊಳಗೆ ಸತ್ತ ಪ್ರತಿಯೊಬ್ಬರ ಮನೆಯವರಿಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ದರ ಏರುತ್ತಿದೆ, ಸಾವು ಮಾತ್ರ ನಿಂತಿಲ್ಲ.

ಇಷ್ಟೆಲ್ಲ ನಡೆಯುವಾಗ ಬುಟ್ಟಿಯ ಬಗ್ಗೆ ನಮ್ಮ ವೇದಿಕೆಗಳಲ್ಲಿ ಎಷ್ಟು ಮಾತಾಯಿತು? ಬೂಸದ ಬಗ್ಗೆ ಮಾತಾಡಿದ ಹತ್ತರಲ್ಲೊಂದು ಪಾಲೂ ಇಲ್ಲ. ಕಾರಣ ಮುಚ್ಚಿಡುವುದು ಬೇಡ. ಬೂಸದ ಜಗಳ ಓದಿದವರ ಜಗಳ, ಕಾಲೇಜಿನ ಜಗಳ, ಗಂಡುಹುಡುಗರ ಜಗಳ. ಬುಟ್ಟಿ ಹೊತ್ತವರಲ್ಲಿ ಬಹಳ ಮಂದಿ ಹೆಂಗಸರು. ಅವರು ನಮ್ಮ ಸಭೆಗಳಿಗೆ ಬರಲಿಲ್ಲ. ಬಂದರೂ ಕೊನೇ ಸಾಲಿನಲ್ಲಿ ಕೂತರು. ದಲಿತರಲ್ಲೇ ಜಾಡಮಾಲಿ ಮನೆಗಳ ಜೊತೆ ಉಣ್ಣುವುದಕ್ಕೆ ಹಿಂದೆಮುಂದೆ ನೋಡಿದವರು ನಮ್ಮೊಳಗೇ ಇದ್ದರು ಅನ್ನುವುದನ್ನೂ ಈ ಪುಟದಲ್ಲಿ ಬರೆಯದೆ ಇನ್ನೆಲ್ಲಿ ಬರೆಯೋಣ?

ಇನ್ನು ನೆಲದ ಮಾತು.

ಅರಸು ಕಾಲದ ಭೂಸುಧಾರಣೆ ಅಂದರೆ ಎಲ್ಲರಿಗೂ ಗೊತ್ತು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಡಿಕ್ಲರೇಷನ್ ಹಾಕಿದ ಗೇಣಿದಾರ ಒಡೆಯನಾದ. ದೊಡ್ಡ ಕೆಲಸ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಡಿಕ್ಲರೇಷನ್ ಹಾಕಲು ಗೇಣಿದಾರ ಆಗಿರಬೇಕಲ್ಲ? ನಮ್ಮ ಕೇರಿಯವರು ಬಹುತೇಕ ಕಡೆ ಗೇಣಿಗೂ ಗತಿಯಿಲ್ಲದವರು. ಕೂಲಿ, ಜೀತ. ಟ್ರಿಬ್ಯೂನಲ್ಲಿನ ಬಾಗಿಲಿಗೆ ಹೋದರೆ ಅವರ ಕೈಯಲ್ಲಿ ಯಾವ ಕಾಗದ ಇತ್ತು? ಉಳುವವನೇ ಹೊಲದೊಡೆಯ ಅಂತ ಗೋಡೆಯ ಮೇಲೆ ಬರೆದಾಗ, ಉಳುವವನ ಹಿಂದೆ ಬಿತ್ತುತ್ತ ಕಳೆ ಕೀಳುತ್ತ ಬಂದ ಹೆಂಗಸಿನ ಹೆಸರು ಆ ಗೋಡೆಯ ಮೇಲೆ ಇರಲಿಲ್ಲ.

ಕಾಗದ ಇದ್ದದ್ದು ಬೇರೊಂದು ಜಮೀನಿಗೆ. ಸರ್ಕಾರ ಹಿಂದಿನಿಂದಲೂ ಅಲ್ಲೊಂದು ಇಲ್ಲೊಂದು ದರಖಾಸ್ತಿನಲ್ಲಿ ನಮ್ಮವರಿಗೆ ಮಂಜೂರು ಮಾಡಿದ ಎರಡೆಕರೆ, ಮೂರೆಕರೆ. ಕಲ್ಲುಗುಡ್ಡದ ಬುಡ, ಕೆರೆಯಂಗಳದ ಅಂಚು, ಗೋಮಾಳದ ಮೂಲೆ. ಸಾಗುವಳಿ ಚೀಟಿಯಲ್ಲಿ ಷರತ್ತು ಬರೆದಿರುತ್ತಿತ್ತು. ಇಷ್ಟು ವರ್ಷ ಪರಭಾರೆ ಮಾಡಕೂಡದು, ಕೆಲವು ಕಡೆ ಎಂದೆಂದಿಗೂ ಮಾಡಕೂಡದು. ಷರತ್ತು ಓದಲು ಚೀಟಿಯ ಒಡೆಯನಿಗೆ ಅಕ್ಷರ ಬರುತ್ತಿರಲಿಲ್ಲ, ಅಕ್ಷರ ಬರುವವನಿಗೆ ಅದನ್ನು ಓದಿ ಹೇಳುವ ಮನಸ್ಸಿರಲಿಲ್ಲ. ಮಗಳ ಮದುವೆಗೆ, ಹೆಂಡತಿಯ ಕಾಯಿಲೆಗೆ, ಬರದ ವರ್ಷ ಎರಡು ಪಲ್ಲ ರಾಗಿಗೆ ಜಮೀನು ಕೈಬಿಟ್ಟಿತು. ಕೆಲವು ಕಡೆ ಸಾಲದ ಪತ್ರ ಅಂತ ಹೇಳಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು.

1978ರಲ್ಲಿ ಅರಸು ಮತ್ತೆ ಗೆದ್ದಾಗ ಬಸವಲಿಂಗಪ್ಪ ಕಂದಾಯ ಮಂತ್ರಿಯಾದರು. ಆಗ ಬಂದದ್ದು ಅನುಸೂಚಿತ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧಿಸುವ ಕಾಯ್ದೆ. ಊರಲ್ಲಿ ಎಲ್ಲರೂ ಕರೆಯುವುದು ಪಿ.ಟಿ.ಸಿ.ಎಲ್. ಅಂತ. 1979ರ ಜನವರಿ 1ರಿಂದ ಜಾರಿಗೆ ಬಂತು. ಇದರ ಹರಿತ ಎಲ್ಲಿದೆ ಅಂತ ಮೇಷ್ಟ್ರುಗಳು ಸ್ವಲ್ಪ ನಿಧಾನವಾಗಿ ನೋಡಬೇಕು. ಕಾನೂನುಗಳು ಸಾಮಾನ್ಯವಾಗಿ ನಾಳೆಯನ್ನು ಕಾಯುತ್ತವೆ. ಇದು ನಿನ್ನೆಗೂ ಕೈ ಹಾಕಿತು. ಮಂಜೂರಾತಿಯ ಷರತ್ತು ಮುರಿದು ನಡೆದ ಮಾರಾಟ, ಕಾಯ್ದೆ ಬರುವುದಕ್ಕೆ ಮೊದಲೇ ನಡೆದಿದ್ದರೂ, ಅಸಿಂಧು. ಮುಂದೆ ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಅಸಿಸ್ಟೆಂಟ್ ಕಮಿಷನರು ಜಮೀನನ್ನು ಬಿಡಿಸಿ ಮಂಜೂರುದಾರನಿಗೆ, ಅವನು ಇಲ್ಲದಿದ್ದರೆ ವಾರಸುದಾರರಿಗೆ ಕೊಡಿಸಬೇಕು. ಅದಕ್ಕೆ ಸಂತ್ರಸ್ತನೇ ಅರ್ಜಿ ಹಾಕಬೇಕೆಂದೂ ಇಲ್ಲ. ಯಾರು ಬೇಕಾದರೂ ಬರವಣಿಗೆಯಲ್ಲಿ ಮಾಹಿತಿ ಕೊಡಬಹುದು, ಅಧಿಕಾರಿ ತಾನಾಗಿಯೇ ಎತ್ತಿಕೊಳ್ಳಬಹುದು. ಭೂಮಾಲೀಕರು ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಹೀಗೆ ಎರಡು ಸಲ ಅಧಿಕಾರ ಬಂದಾಗ ಈ ಮನುಷ್ಯ ಕೈ ಹಾಕಿದ್ದು ಎರಡಕ್ಕೆ. ಒಂದು ಸಲ ತಲೆಗೆ, ಒಂದು ಸಲ ಕಾಲಕೆಳಗಿನ ನೆಲಕ್ಕೆ. ನಮ್ಮ ಇತರ ಮೀಸಲು ಕ್ಷೇತ್ರದ ಶಾಸಕರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಮುದಾಯ ಭವನಕ್ಕೆ ಅನುದಾನ, ಕೇರಿಗೆ ಕಾಂಕ್ರೀಟ್ ರಸ್ತೆ, ಅಂಬೇಡ್ಕರ್ ಪುತ್ಥಳಿಗೆ ಗ್ರಾನೈಟ್ ಕಟ್ಟೆ. ಇವೆಲ್ಲ ಬೇಡ ಅಂತಲ್ಲ. ಆದರೆ ಇವು ಯಾವ ಗೌಡನ ನಿದ್ದೆಯನ್ನೂ ಕೆಡಿಸುವುದಿಲ್ಲ. ಪಿ.ಟಿ.ಸಿ.ಎಲ್. ನಿದ್ದೆ ಕೆಡಿಸಿತು. ಇವತ್ತಿಗೂ ಊರಿನ ದೊಡ್ಡಮನೆಗಳಲ್ಲಿ ಆ ನಾಲ್ಕಕ್ಷರ ಕೇಳಿದರೆ ಮುಖ ಗಂಟಾಗುತ್ತದೆ. ಒಬ್ಬ ಶಾಸಕನ ಕೆಲಸವನ್ನು ಅಳೆಯುವುದಕ್ಕೆ ಅದು ಕೆಟ್ಟ ಅಳತೆಯೇನಲ್ಲ.

ಆದರೆ ಇಲ್ಲೂ ತಕರಾರಿದೆ, ಮತ್ತು ನಮ್ಮ ತಕರಾರು ಬಸವಲಿಂಗಪ್ಪನವರ ಜೊತೆಗೇ ಇದೆ. ಕಾಯ್ದೆಯ ಕೀಲಿಕೈಯನ್ನು ಪೂರ್ತಿ ಅಧಿಕಾರಿಯ ಸೊಂಟಕ್ಕೆ ಕಟ್ಟಿದರು. ಟ್ರಿಬ್ಯೂನಲ್ಲುಗಳಲ್ಲಿ ಅಧಿಕಾರಿಯ ಜೊತೆ ಹೊರಗಿನ ಸದಸ್ಯರಾದರೂ ಕೂತಿದ್ದರು. ಇಲ್ಲಿ ಅಸಿಸ್ಟೆಂಟ್ ಕಮಿಷನರು ಒಬ್ಬರೇ. ಆ ಕುರ್ಚಿಯಲ್ಲಿ ಮನುಷ್ಯತ್ವ ಇರುವವರು ಕೂತರೆ ಜಮೀನು ಬಂತು, ಇಲ್ಲದಿದ್ದರೆ ವಾಯಿದೆ ಬಂತು. ಇನ್ನೊಂದು, ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ ಅನ್ನುವುದು ಬೇಲಿ ಅಂತ ಹಾಕಿದ್ದು. ನಗರಗಳ ಸುತ್ತ ಜಮೀನಿಗೆ ಬೆಲೆ ಬಂದಾಗ ಅದೇ ಬೇಲಿಯಲ್ಲಿ ಗೇಟು ಆಯಿತು. ಅನುಮತಿ ಕೊಡಿಸುವುದೇ ಒಂದು ದಂಧೆ ಆಯಿತು. ಬಿಡಿಸಿಕೊಂಡ ಜಮೀನನ್ನು ಉಳಲು ಎತ್ತಿಲ್ಲ, ನೀರಿಲ್ಲ, ಬ್ಯಾಂಕಿನಲ್ಲಿ ಸಾಲವಿಲ್ಲ. ಬಿಡಿಸಿಕೊಟ್ಟವನೇ ಮತ್ತೆ ಕೈಗೆ ದುಡ್ಡು ತುರುಕಿ ಅನುಮತಿ ಅರ್ಜಿಗೆ ಹೆಬ್ಬೆಟ್ಟು ಕೇಳಿದ ಕಥೆ ನಮ್ಮ ಓದುಗರು ಒಂದಲ್ಲ ಹತ್ತು ಹೇಳಿಯಾರು.

ಕಾಲವೂ ಕಾಯ್ದೆಯನ್ನು ಸವೆಸಿತು. 2017ರಲ್ಲಿ ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಕಾಲಮಿತಿ ಬರೆದಿಲ್ಲದಿದ್ದರೂ ಸೂಕ್ತ ಕಾಲದೊಳಗೆ ಅರ್ಜಿ ಹಾಕಬೇಕಿತ್ತು, ಇಷ್ಟು ತಡವಾಗಿ ಬಂದರೆ ಆಗದು ಅಂದಿತು. ಅದನ್ನು ಹಿಡಿದು ಕೆಳಗಿನ ಕಚೇರಿಗಳಲ್ಲಿ ಕೇಸುಗಳು ಸಾಲುಸಾಲಾಗಿ ಬಿದ್ದವು. ಅಕ್ಷರ ಕಲಿಯಲು ಎರಡು ತಲೆಮಾರು ತಗೊಂಡವರಿಗೆ ಅರ್ಜಿ ಯಾಕೆ ತಡ ಮಾಡಿದೆ ಅಂತ ಕೇಳಿದರೆ ಏನು ಹೇಳಬೇಕು? ದಲಿತ ಸಂಘಟನೆಗಳು ಬೆಂಗಳೂರಿನಲ್ಲಿ ಧರಣಿ ಕೂತು ಕೂತು, 2023ರಲ್ಲಿ ಕಾಲಮಿತಿ ಇಲ್ಲ ಅಂತ ಸ್ಪಷ್ಟಪಡಿಸುವ ತಿದ್ದುಪಡಿ ಆಯಿತು. ಆದ ಮೇಲೂ ಹೈಕೋರ್ಟಿನಲ್ಲಿ ವಿಳಂಬದ ಪ್ರಶ್ನೆ ಮತ್ತೆ ತಲೆ ಎತ್ತಿದೆ. ಈ ನಡುವೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು, ಕೃಷಿಕರಲ್ಲದವರೂ ದುಡ್ಡಿದ್ದರೆ ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿದರು. ಒಂದು ಕಡೆ ಬೇಲಿ ಕಿತ್ತವರು ಇನ್ನೊಂದು ಕಡೆಯ ಬೇಲಿಯನ್ನು ಎಷ್ಟು ದಿನ ಬಿಟ್ಟಾರು?

ಇನ್ನೊಂದು ತಕರಾರು ಪಕ್ಷದ್ದು. ರಾಜೀನಾಮೆ ಕೊಟ್ಟ ಮೇಲೆ ಬಸವಲಿಂಗಪ್ಪ ಹೊರಗೆ ಬಂದು ಬೇರೆಯೇ ಆಗಿ ಕಟ್ಟಬಹುದಿತ್ತು ಅನ್ನುವವರು ಆಗಲೂ ಇದ್ದರು. 1951ರಲ್ಲಿ ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ಲಿನ ಮೇಲೆ ರಾಜೀನಾಮೆ ಕೊಟ್ಟು ಹೊರಬಂದದ್ದನ್ನು ನೆನಪು ಮಾಡಿಕೊಟ್ಟವರಿದ್ದರು. ಕರ್ನಾಟಕದ ಬಡಗಣ ಭಾಗದಲ್ಲಿ ಬಿ. ಶ್ಯಾಮಸುಂದರ್ 1968ರಲ್ಲೇ ಭೀಮಸೇನೆ ಕಟ್ಟಿದ್ದ ಉದಾಹರಣೆಯೂ ಕಣ್ಣಮುಂದಿತ್ತು. ಬಸವಲಿಂಗಪ್ಪ ಒಳಗೇ ಉಳಿದರು. ತನ್ನನ್ನು ಕೈಬಿಟ್ಟ ಮುಖ್ಯಮಂತ್ರಿಯ ಸಂಪುಟಕ್ಕೇ ಮರಳಿ ಹೋದರು. ಹೋಗದಿದ್ದರೆ ಪಿ.ಟಿ.ಸಿ.ಎಲ್. ಆಗುತ್ತಿತ್ತೋ ಇಲ್ಲವೋ ಅನ್ನುವುದು ಅಷ್ಟೇ ದೊಡ್ಡ ಪ್ರಶ್ನೆ. ನಮ್ಮ ಬಳಗದಲ್ಲೇ ಇದರ ಮೇಲೆ ಎರಡು ಗುಂಪು. ಒಂದು ರಾತ್ರಿ ಬೆಳಗಾಗುವ ತನಕ ವಾದ ಮಾಡಿದ್ದೇವೆ, ತೀರ್ಮಾನಕ್ಕೆ ಬಂದಿಲ್ಲ.

ತೀರ್ಮಾನ ಯಾಕೆ ಆಗುವುದಿಲ್ಲ ಅಂದರೆ ಇದು ಒಬ್ಬನ ಗುಣದ ಪ್ರಶ್ನೆ ಅಲ್ಲ. 1932ರ ಪೂನಾ ಒಪ್ಪಂದದ ಪ್ರಶ್ನೆ. ಮೀಸಲು ಕ್ಷೇತ್ರದಲ್ಲಿ ನಿಲ್ಲುವವನು ದಲಿತನಾಗಿರಬೇಕು, ಗೆಲ್ಲಿಸುವ ಮತ ಸವರ್ಣರದು. ಟಿಕೆಟ್ಟು ಕೊಡುವವರೂ ಅವರೇ. ಅಂಥ ಕುರ್ಚಿಯಲ್ಲಿ ಕೂತವನು ಬಾಯಿ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 1973 ಒಂದು ಪಾಠವಾಗಿ ಎಲ್ಲ ಪಕ್ಷಗಳ ದಲಿತ ಶಾಸಕರಿಗೂ ತಲುಪಿತು. ಮಾತಾಡಿದ್ದಕ್ಕೆ ಸಿಕ್ಕ ಶಿಕ್ಷೆ ಅವರಿಗೆ ಚೆನ್ನಾಗಿ ನೆನಪಿದೆ, ಆಮೇಲೆ ಮಾಡಿದ ಕಾಯ್ದೆ ನೆನಪಿಲ್ಲ. ಹಾಗಾಗಿ ಸಮುದಾಯ ಭವನ.

1924ರಲ್ಲಿ ಹುಟ್ಟಿದ ಬಸವಲಿಂಗಪ್ಪ 1992ರಲ್ಲಿ ತೀರಿಕೊಂಡರು. ಅವರ ಮಾತು ಒರಟು ಅಂತ ನಮ್ಮವರೇ ಕೆಲವರು ಮುಜುಗರ ಪಡುತ್ತಿದ್ದರು. ನಾಜೂಕಾಗಿ ಮಾತಾಡಿದವರು ಮಾಡಿದ್ದೇನು ಅಂತ ಲೆಕ್ಕ ತೆಗೆದರೆ ಆ ಮುಜುಗರ ಉಳಿಯುವುದಿಲ್ಲ.

ಈ ಬರಹಕ್ಕೆ ಕೂತ ಕಾರಣ ಹೇಳಿಬಿಡುತ್ತೇವೆ. ನಮ್ಮ ಬಳಗದ ಒಬ್ಬ ಗೆಳೆಯನ ತಾತನಿಗೆ ಎರಡೆಕರೆ ಚಿಲ್ಲರೆ ಮಂಜೂರಾಗಿತ್ತು ಅಂತ ಮನೆಯಲ್ಲಿ ಮಾತು. ಸಾಗುವಳಿ ಚೀಟಿ ಮನೆಯಲ್ಲಿಲ್ಲ. ಸರ್ವೆ ನಂಬರು ಯಾರಿಗೂ ನೆನಪಿಲ್ಲ. ಹೊಲ ಯಾವುದು ಅಂತ ಮಾತ್ರ ಅಜ್ಜಿಗೆ ಗೊತ್ತು. ಬೇವಿನಮರದ ಪಕ್ಕದ ಆ ಹೊಲದಲ್ಲೇ ಆಕೆ ಈಗಲೂ ಕೂಲಿಗೆ ಹೋಗುತ್ತಾಳೆ. ಮೂರು ಸಲ ತಾಲ್ಲೂಕು ಕಚೇರಿಗೆ ಹೋದೆವು. ಮೊದಲ ಸಲ ರೆಕಾರ್ಡ್ ರೂಮಿನ ಬೀಗ ಯಾರ ಹತ್ತಿರ ಇದೆಯೋ ಗೊತ್ತಿಲ್ಲ ಅಂದರು. ಎರಡನೇ ಸಲ ಸರ್ವೆ ನಂಬರು ಇಲ್ಲದೆ ಹೇಗೆ ಹುಡುಕೋದ್ರೀ ಅಂದರು. ಮೂರನೇ ಸಲ ಪಹಣಿಗಳನ್ನು ಒಂದೊಂದಾಗಿ ತೆಗೆದು, ಬೇವಿನಮರದ ಪಕ್ಕದ ಹೊಲದ ನಂಬರು ನಾವೇ ಗುರುತು ಹಿಡಿದು ಹೋಗಿದ್ದೆವು. ಗುಮಾಸ್ತರು ನಂಬರು ನೋಡಿದರು, ನಮ್ಮ ಮುಖ ನೋಡಿದರು, ಮಂಜೂರಾತಿ ರಿಜಿಸ್ಟರಿನ ಆ ವರ್ಷದ ಪುಟಗಳು ಗೆದ್ದಲು ಹಿಡಿದಿವೆ, ಆದರೂ ನೋಡೋಣ, ಸೋಮವಾರ ಬನ್ನಿ ಅಂದರು.

ಸೋಮವಾರ ಶಾಲೆಗೆ ರಜೆ ಹಾಕಿ ಇಬ್ಬರು ಮೇಷ್ಟ್ರುಗಳು ಬರುತ್ತೇವೆ ಅಂದಿದ್ದಾರೆ. ಅಜ್ಜಿಯೂ ಬರುತ್ತಾಳಂತೆ. ಆವತ್ತಿನ ಕೂಲಿ ತಪ್ಪುತ್ತದೆ ಅಂತ ಹೊಲದವರಿಗೆ ಹೇಳಿದ್ದಾಳೆ, ಯಾಕೆ ಅಂತ ಹೇಳಿಲ್ಲ.